ದಿನಬಳಕೆಯ ಚೀನೀ ಮಾತು, ಅದರ ಹಿಂದಿನ ಮರ್ಯಾದೆ: ಕನ್ನಡದ ದಾರಿಯಲ್ಲೇ ಕಲಿಯಿರಿ

ಚೀನೀ ಭಾಷೆ ಕಲಿಯಲು ಹೊರಟ ಕನ್ನಡಿಗರು ಹೆಚ್ಚಾಗಿ ಇಂಗ್ಲಿಷ್ ಪುಸ್ತಕವನ್ನೋ ಇಂಗ್ಲಿಷ್ ಆ್ಯಪನ್ನೋ ಹಿಡಿದು ಕೂರುತ್ತಾರೆ. ಅರ್ಧ ತೊಂದರೆ ಅಲ್ಲೇ ಶುರುವಾಗುತ್ತದೆ. ಇಂಗ್ಲಿಷಿನವರಿಗೆ ವಿಚಿತ್ರವಾಗಿ ಕಂಡದ್ದನ್ನೆಲ್ಲ ನಾವೂ ವಿಚಿತ್ರ ಅಂದುಕೊಳ್ಳುತ್ತೇವೆ. ಎದುರಾದವರನ್ನು "ಊಟ ಆಯ್ತಾ" ಎಂದು ಕೇಳುವುದು, ಗುರುತಿಲ್ಲದ ಹೆಂಗಸನ್ನು ಆಂಟಿ ಎನ್ನುವುದು, ಅಮ್ಮ ತಟ್ಟೆಗೆ ಬಡಿಸಿದರೆ ಥ್ಯಾಂಕ್ಸ್ ಹೇಳದೆ ಊಟ ಮಾಡುವುದು, ಬರಲು ಆಗದಿದ್ದರೂ "ನೋಡೋಣ" ಎನ್ನುವುದು. ಇವು ಚೀನೀಯರಿಗೂ ಮನೆಯ ಮಾತು, ನಮಗೂ ಮನೆಯ ಮಾತು. ನಡುವೆ ಇಂಗ್ಲಿಷ್ ಯಾಕೆ ಬರಬೇಕು?

ಈ ಮಾರ್ಗದರ್ಶಿ ವೈದ್ಯಕೀಯ ಓದಲು ಚೀನಾಕ್ಕೆ ಹೋಗುವವರಿಗೆ, ಗುವಾಂಗ್‌ಝೌ ಮತ್ತು ಯಿವು ಮಾರುಕಟ್ಟೆಗಳಿಂದ ಸರಕು ತರುವವರಿಗೆ, ಶೆನ್‌ಝೆನ್‌ನ ಕಂಪನಿಗಳ ಜೊತೆ ಕೆಲಸ ಮಾಡುವವರಿಗೆ ಅಂತ ಬರೆದದ್ದು. ಸುಮ್ನೆ ಕುತೂಹಲಕ್ಕೆ ಕಲಿಯುವವರಿಗೂ ಆದೀತು. ಇಲ್ಲಿ ಚೀನೀ ಎಂದರೆ ದೇಶದ ಪ್ರಮಾಣ ಭಾಷೆಯಾದ ಪುಥುಂಗ್‌ಹ್ವಾ, ಅಂದರೆ ಮ್ಯಾಂಡರಿನ್. ಗುವಾಂಗ್‌ಝೌ ಕಡೆಯ ಜನ ತಮ್ಮತಮ್ಮಲ್ಲಿ ಕ್ಯಾಂಟನೀಸ್ ಆಡುತ್ತಾರೆ. ಆದರೆ ಹೊರಗಿನವರ ಜೊತೆ ಪುಥುಂಗ್‌ಹ್ವಾದಲ್ಲೇ ಮಾತಾಡುತ್ತಾರೆ.

ಹಂತ 1: ನಾಲಿಗೆಯನ್ನು ಸರಿಮಾಡಿಕೊಳ್ಳಿ

ಚೀನೀ ಉಚ್ಚಾರವನ್ನು ರೋಮನ್ ಲಿಪಿಯಲ್ಲಿ ಬರೆಯುವ ಪದ್ಧತಿಯ ಹೆಸರು ಪಿನ್‌ಯಿನ್. ಅದು 1958ರಲ್ಲಿ ಅಧಿಕೃತವಾಯಿತು. ಪಿನ್‌ಯಿನ್ ಓದುವಾಗ ಎಲ್ಲರೂ ಎಡವುವ ಜಾಗ ಒಂದಿದೆ. ಪದದ ಮೊದಲಲ್ಲಿ ರೋಮನ್ 'ಬಿ' ಕಂಡ ತಕ್ಷಣ 'ಬ' ಎಂದು ಓದುತ್ತೇವೆ. ಚೀನೀಯಲ್ಲಿ ಆ 'ಬ' ಇಲ್ಲ. ಅಲ್ಲಿರುವುದು ನಮ್ಮ ಪ ಮತ್ತು ಮಹಾಪ್ರಾಣದ ಫ. ಹಾಗೆಯೇ ತ ಮತ್ತು ಥ, ಕ ಮತ್ತು ಖ, ಚ ಮತ್ತು ಛ. ಶಾಲೆಯಲ್ಲಿ ಮೇಷ್ಟ್ರು ಬಾಯಿಗೆ ಕೈ ಅಡ್ಡ ಇಟ್ಟು ಉಸಿರು ತಾಗಿಸಿ ಮಹಾಪ್ರಾಣ ಕಲಿಸುತ್ತಿದ್ದರಲ್ಲ, ಆ ಪಾಠ ಇಲ್ಲಿ ಕೆಲಸಕ್ಕೆ ಬರುತ್ತದೆ. ಇಂಗ್ಲಿಷಿನವರು ತಿಂಗಳುಗಟ್ಟಲೆ ಒದ್ದಾಡುವ ಈ ವ್ಯತ್ಯಾಸ ನಮ್ಮ ವರ್ಣಮಾಲೆಯಲ್ಲೇ ಇದೆ. ಬೀಜಿಂಗ್ ಎಂಬ ಊರಿನ ಹೆಸರು ಅಲ್ಲಿನವರ ಬಾಯಲ್ಲಿ 'ಪೇಚಿಂಗ್'ಗೆ ಹತ್ತಿರ.

ಹಾಗಾಗಿ ಈ ಬರಹದಲ್ಲಿ ಫ ಕಂಡರೆ ಹಳ್ಳಿಯ ಹಿರಿಯರು 'ಫಲ' ಎನ್ನುವಂತೆ ಉಸಿರು ಬಿಟ್ಟು ಹೇಳಿ, 'ಫ್ಯಾನ್' ಎನ್ನುವಂತಲ್ಲ. ಫ್ಯಾನಿನ ಸದ್ದಿಗೆ ಫ಼ ಎಂದು ಚುಕ್ಕಿ ಇಟ್ಟಿದ್ದೇನೆ. ಚ, ಛ, ಷ, ರ ಹೇಳುವಾಗ ನಾಲಿಗೆಯ ತುದಿ 'ಟ'ಗೆ ಮಡಚಿದ ಹಾಗೆ ಮೇಲೆ ಮಡಚಿರಲಿ. ಚ್ಯ, ಛ್ಯ, ಶ್ಯ, ಚಿ, ಛಿ, ಶಿ ಬಂದಾಗ ನಾಲಿಗೆ ಚಪ್ಪಟೆಯಾಗಿ ಕೆಳಹಲ್ಲಿನ ಹಿಂದೆ ಇರಲಿ.

ಇನ್ನು ಸ್ವರಗಳು. ಸ್ವರ ಅಂದರೆ ದನಿಯ ಏರಿಳಿತ. ನಾಲ್ಕು ಇವೆ, ಪ್ರತಿ ಪದದ ಪಕ್ಕದಲ್ಲಿ ಅಂಕೆ ಹಾಕಿದ್ದೇನೆ. 1 ಎಂದರೆ ಎತ್ತರದಲ್ಲಿ ಒಂದೇ ಸಮ, ಶ್ರುತಿ ಹಿಡಿದ ಹಾಗೆ. 2 ಎಂದರೆ ಕೆಳಗಿಂದ ಮೇಲಕ್ಕೆ, ಸರಿಯಾಗಿ ಕೇಳಿಸದಾಗ "ಹಾಂ?" ಎನ್ನುತ್ತೇವಲ್ಲ, ಹಾಗೆ. 3 ಎಂದರೆ ತಗ್ಗಿದ ದನಿ. ವಾಕ್ಯದ ಕೊನೆಯಲ್ಲಿ ಮಾತ್ರ ತುಸು ಮೇಲೇಳುತ್ತದೆ. 4 ಎಂದರೆ ಮೇಲಿಂದ ಕೆಳಕ್ಕೆ ಪಟ್ಟನೆ, ತುಂಟ ಮಗುವಿಗೆ "ಬಾ!" ಎಂದು ಗದರಿದಂತೆ. ಅಂಕೆ ಇಲ್ಲದಿದ್ದರೆ ಹಗುರವಾಗಿ ಹೇಳಿ ಮುಂದಕ್ಕೆ ಹೋಗಿ.

ಇದು ಬರೀ ಅಲಂಕಾರ ಅಲ್ಲ. ಮಾಯ್3 ಎಂದರೆ ಕೊಳ್ಳು, ಮಾಯ್4 ಎಂದರೆ ಮಾರು. ಯಿವುಗೆ ಹೋಗುವ ವ್ಯಾಪಾರಿಗೆ ಈ ಎರಡರ ನಡುವೆ ಗೊಂದಲವಾದರೆ ಕಷ್ಟ. ಥಾಂಗ್1 ಸೂಪು, ಥಾಂಗ್2 ಸಕ್ಕರೆ. ದಾರಿ ಕೇಳುವ ಮೊದಲು "ಛಿಂಗ್3 ವನ್4" ಎನ್ನಬೇಕು, "ಸ್ವಲ್ಪ ಕೇಳಬಹುದಾ" ಅಂತ. ಅದನ್ನೇ ವನ್3 ಎಂದು ತಗ್ಗಿಸಿದರೆ ಮುತ್ತು ಕೇಳಿದ ಹಾಗಾಗುತ್ತದೆ.

ಒಂದು ನಿಯಮ ಈಗಲೇ ತಿಳಿದಿರಲಿ. ಎರಡು 3 ಒಟ್ಟಿಗೆ ಬಂದರೆ ಮೊದಲನೆಯದು 2 ಆಗುತ್ತದೆ. ನಿ3 ಹಾವ್3 ಎಂದು ಬರೆದಿದ್ದರೂ ಬಾಯಲ್ಲಿ ಬರುವುದು ನಿ2 ಹಾವ್3.

ಅಭ್ಯಾಸಕ್ಕೆ ದುಡ್ಡು ಖರ್ಚಾಗದ ಉಪಾಯ ಒಂದಿದೆ. ಫೋನಿನ ಕೀಬೋರ್ಡಿಗೆ ಚೀನೀ ಸೇರಿಸಿ, ಮೈಕ್ ಒತ್ತಿ ಮಾತಾಡಿ. ನೀವು ಹೇಳಿದ್ದೇ ಅಕ್ಷರವಾಗಿ ಬಂದರೆ ಉಚ್ಚಾರ ನಡೆಯುತ್ತದೆ ಎಂದರ್ಥ. ಉದ್ದದ ವಾಕ್ಯ ಹೇಳಿದರೆ ಯಂತ್ರ ಸಂದರ್ಭ ನೋಡಿ ತಿದ್ದಿಕೊಂಡುಬಿಡುತ್ತದೆ. ಆದ್ದರಿಂದ ಒಂದೆರಡು ಪದಗಳನ್ನೇ ಹೇಳಿ ನೋಡಿ. ಪದ ಹುಡುಕಲು ಪ್ಲೆಕೊ ನಿಘಂಟಿನ ಆ್ಯಪ್ ಒಳ್ಳೆಯದು.

ಹಂತ 2: ಮಾತು ಶುರು ಮಾಡುವುದು

ನಿ3 ಹಾವ್3 ಎಲ್ಲರಿಗೂ ಗೊತ್ತಿರುವ ನಮಸ್ಕಾರ. ಆದರೆ ದಿನವೂ ನೋಡುವವರಿಗೆ ಚೀನೀಯರು ಅದನ್ನು ಹೇಳುವುದು ಕಡಿಮೆ. ಪಕ್ಕದ ಮನೆಯವರಿಗೆ ನಾವು ದಿನಾ "ನಮಸ್ಕಾರ" ಎನ್ನುತ್ತೇವಾ? ಬೆಳಿಗ್ಗೆ ಸಿಕ್ಕರೆ "ತ್ಸಾವ್3" ಎಂದರೆ ಸಾಕು. ಹೊರಗೆ ಹೊರಟವರನ್ನು "ಛ್ಯು4 ನಾರ್3?" ಎಂದು ಕೇಳುತ್ತಾರೆ, ಎಲ್ಲಿಗೆ ಹೊರಟಿರಿ ಅಂತ. ಊಟದ ಹೊತ್ತಿನ ಆಸುಪಾಸಿನಲ್ಲಿ, ಅದರಲ್ಲೂ ಹಿರಿಯರು, "ಛ1 ಲ ಮ?" ಎನ್ನುತ್ತಾರೆ. ಊಟ ಆಯ್ತಾ?

ಇದಕ್ಕೆ ಉತ್ತರ "ಛ1 ಲ, ನಿ3 ನ?" ಆಯ್ತು, ನಿಮ್ಮದು? ಹೊಟ್ಟೆ ಖಾಲಿ ಇದ್ದರೂ ಹೀಗೇ ಹೇಳಬಹುದು. ಅದು ಊಟಕ್ಕೆ ಕರೆಯುವುದಲ್ಲ, ಗುರುತು ಹಿಡಿದೆ ಎನ್ನುವ ಸೂಚನೆ. ಎಲ್ಲಿಗೆ ಹೊರಟಿರಿ ಎಂಬುದಕ್ಕೂ ಪೂರ್ತಿ ಲೆಕ್ಕ ಒಪ್ಪಿಸಬೇಕಿಲ್ಲ. "ಇಲ್ಲೇ ಹೀಗೆ" ಎನ್ನುವ ನಮ್ಮ ಉತ್ತರ ಅಲ್ಲೂ ನಡೆಯುತ್ತದೆ.

ಪ್ರಶ್ನೆ ಕೇಳುವ ರೀತಿಯೂ ನಮಗೆ ಸುಲಭ. ನಾವು ಕೊನೆಗೆ 'ಆ' ಸೇರಿಸುತ್ತೇವೆ, ಅವರು 'ಮ' ಸೇರಿಸುತ್ತಾರೆ. ಉತ್ತರಕ್ಕೆ ಹೌದು, ಅಲ್ಲ ಹುಡುಕುವುದಿಲ್ಲ, ಕೇಳಿದ ಕ್ರಿಯಾಪದವನ್ನೇ ತಿರುಗಿಸಿ ಹೇಳುತ್ತಾರೆ. ಯೋ3 ಮ? ಯೋ3. ಇದೆಯಾ? ಇದೆ. ಇಲ್ಲದಿದ್ದರೆ ಮೇ2 ಯೋ3. ಇದೆಯೋ ಇಲ್ಲವೋ ಎನ್ನಬೇಕಾದರೆ ಯೋ3 ಮೇ2 ಯೋ3. ಎಚ್ಚರಿಕೆ ಒಂದೇ: ಕನ್ನಡದ ಅಭ್ಯಾಸದಲ್ಲಿ ಪ್ರಶ್ನೆಯ ಕೊನೆಗೆ ದನಿ ಏರಿಸುತ್ತೇವೆ. ಅಲ್ಲಿ ಹಾಗೆ ಏರಿಸಿದರೆ ಪದದ ಸ್ವರವೇ ಕೆಡುತ್ತದೆ. ಪ್ರಶ್ನೆಯ ಕೆಲಸವನ್ನು 'ಮ' ನೋಡಿಕೊಳ್ಳುತ್ತದೆ, ನೀವು ದನಿ ಏರಿಸಲು ಹೋಗಬೇಡಿ.

ಹಂತ 3: ಯಾರನ್ನು ಏನೆಂದು ಕರೆಯುವುದು

ನಾಲ್ಕೇ ಪದ ಕಲಿಯಲು ಪುರುಸೊತ್ತಿದೆ ಎಂದಾದರೆ ಈ ಹಂತದ ಪದಗಳನ್ನೇ ಕಲಿಯಿರಿ ಎನ್ನುತ್ತೇನೆ. ಕರೆಯುವ ಮಾತು ಸರಿಯಿದ್ದರೆ ಮಿಕ್ಕ ತಪ್ಪುಗಳನ್ನೆಲ್ಲ ನಕ್ಕು ಬಿಟ್ಟುಬಿಡುತ್ತಾರೆ.

ನಿ3 ಎಂದರೆ ನೀನು. ನಿನ್2 ಎಂದರೆ ನೀವು. ಬೀಜಿಂಗ್ ಮತ್ತು ಉತ್ತರದ ಕಡೆ ಹಿರಿಯರಿಗೆ, ಮೇಷ್ಟ್ರಿಗೆ, ಗಿರಾಕಿಗೆ ನಿನ್2 ಎನ್ನುತ್ತಾರೆ. ದಕ್ಷಿಣದಲ್ಲಿ ಇದರ ಬಳಕೆ ಕಡಿಮೆ. ಆದರೂ ಹೊಸಬರು ನಿನ್2 ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಹೆಸರಿನಲ್ಲಿ ಮನೆತನದ ಹೆಸರು ಮೊದಲು. ವಾಂಗ್ ಎಂಬ ಮೇಷ್ಟ್ರನ್ನು ವಾಂಗ್2 ಲಾವ್3 ಷ1 ಎಂದು ಕರೆಯುತ್ತಾರೆ. ಲಾವ್3 ಷ1 ಎಂದರೆ ಶಿಕ್ಷಕ, ಆದರೆ ಕಲಾವಿದರಿಗೆ, ಮಾಧ್ಯಮದವರಿಗೆ, ಗೌರವ ತೋರಿಸಬೇಕಾದ ಅನೇಕರಿಗೆ ಇದೇ ಪದ ಸಲ್ಲುತ್ತದೆ. ನಮ್ಮ 'ಮೇಷ್ಟ್ರೇ' ಇದ್ದಂತೆ. ಕಂಪನಿಯ ಯಜಮಾನ ವಾಂಗ್2 ತ್ಸುಂಗ್3, ಮ್ಯಾನೇಜರ್ ವಾಂಗ್2 ಚಿಂಗ್1 ಲಿ3. ಒಬ್ಬರು ಉಪ ಮ್ಯಾನೇಜರ್ ಎಂದುಕೊಳ್ಳಿ. ಎದುರಿಗೆ ಕರೆಯುವಾಗ ಆ 'ಉಪ'ವನ್ನು ಬಿಟ್ಟುಬಿಡುವುದೇ ಮರ್ಯಾದೆ. ಅವರ ಮೇಲಿನವರು ಅಲ್ಲೇ ಕೂತಿದ್ದರೆ ಮಾತ್ರ ಸ್ವಲ್ಪ ಯೋಚಿಸಿ.

ಬೀದಿಯಲ್ಲಿ ನೆಂಟಸ್ತಿಕೆಯ ಪದಗಳೇ ಓಡಾಡುತ್ತವೆ. ಅಮ್ಮನ ವಯಸ್ಸಿನ ಹೆಂಗಸು ಆ1 ಯಿ2, ಅಪ್ಪನ ವಯಸ್ಸಿನವರು ಷು1 ಷು. ಸ್ವಲ್ಪ ದೊಡ್ಡವರು ತಾ4 ಕ1 (ದೊಡ್ಡಣ್ಣ), ತಾ4 ಚ್ಯೆ3 (ದೊಡ್ಡಕ್ಕ). ಟ್ಯಾಕ್ಸಿ ಓಡಿಸುವವರು, ರಿಪೇರಿ ಮಾಡುವವರು, ಕೈಕೆಲಸ ಬಲ್ಲವರು ಷ1 ಫ಼ು. ಮೂವತ್ತರ ಹೆಂಗಸನ್ನು ಆ1 ಯಿ2 ಎಂದರೆ ಏನಾಗುತ್ತದೋ, ಅದನ್ನು ಆಂಟಿ ಎಂದು ಕರೆಸಿಕೊಂಡ ಯಾರನ್ನಾದರೂ ಕೇಳಿ ತಿಳಿಯಿರಿ.

ಹಳೆಯ ಪುಸ್ತಕಗಳ ಎರಡು ಪದ ಬೇಡ. ಹೋಟೆಲಿನಲ್ಲಿ ಬಡಿಸುವ ಹುಡುಗಿಯನ್ನು ಶ್ಯಾವ್3 ಚ್ಯೆ3 ಎಂದು ಕರೆಯಬೇಡಿ. ತೈವಾನಿನಲ್ಲಿ ಅದು ಸಭ್ಯ ಪದ, ಮುಖ್ಯಭೂಮಿಯ ಬಹಳ ಕಡೆ ಅದಕ್ಕೆ ವೇಶ್ಯೆ ಎಂಬ ಧ್ವನಿ ಬಂದಿದೆ. "ಫ಼ು2 ವು4 ಯ್ವೆನ್2" ಎನ್ನಿ. ಹಾಗೆಯೇ ಥುಂಗ್2 ಚ4, ಅಂದರೆ ಕಾಮ್ರೇಡ್. ಪಕ್ಷದ ಸಭೆಗಳಲ್ಲಿ ಇನ್ನೂ ಇದೆ. ಯುವಜನರ ಬಾಯಲ್ಲಿ ಈಗ ಅದು ಸಲಿಂಗಿ ಎಂಬ ಅರ್ಥದ ಆಡುಮಾತು.

ನಿಮ್ಮ ಪರಿಚಯಕ್ಕೆ: "ನಿನ್2 ಕುಯ್4 ಶಿಂಗ್4?" ಎಂದು ಕೇಳಿದರೆ ಅವರು ಕೇಳುತ್ತಿರುವುದು ಮನೆತನದ ಹೆಸರು. ಇನಿಷಿಯಲ್ ಬಿಟ್ಟರೆ ಮನೆತನದ ಹೆಸರೇ ಇಲ್ಲದ ನಮ್ಮವರು ಇಲ್ಲಿ ತಡವರಿಸುತ್ತಾರೆ. ನೇರವಾಗಿ "ವೊ3 ಚ್ಯಾವ್4..." ಎಂದು ಹೆಸರು ಹೇಳಿಬಿಡಿ. ಆಮೇಲೆ "ವೊ3 ಷ4 ಯಿನ್4 ತು4 ರನ್2", ನಾನು ಭಾರತದವನು. ಇಷ್ಟು ಹೇಳಿದ್ದೇ ತಡ, ಹಿರಿಯರು ಥಾಂಗ್2 ಸಂಗ್1 ಎಂಬ ಭಿಕ್ಷುವಿನ ಸುದ್ದಿ ತೆಗೆಯಬಹುದು. ಅವರು ಬೇರೆ ಯಾರೂ ಅಲ್ಲ, ನಮ್ಮ ಪಠ್ಯದ ಹ್ಯೂಯೆನ್ ತ್ಸಾಂಗ್. 7ನೇ ಶತಮಾನದಲ್ಲಿ ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಿಕೇಶಿಯ ರಾಜ್ಯಕ್ಕೂ ಬಂದು, ಆ ರಾಜನ ಬಗ್ಗೆ ಬರೆದಿಟ್ಟವರು. ನಮ್ಮ ಕಡೆಗೂ ಬಂದಿದ್ದರು ಎಂದು ಹೇಳಿ ನೋಡಿ, ಮಾತು ಬೆಳೆಯುತ್ತದೆ. ಚಿಕ್ಕವರಾದರೆ ಆಮಿರ್ ಖಾನ್ ಸುದ್ದಿ ಬರುತ್ತದೆ. ಅವರನ್ನು ಅಲ್ಲಿ ಪ್ರೀತಿಯಿಂದ ಮಿ3 ಷು1, ಅಂದರೆ ಮಿ ಚಿಕ್ಕಪ್ಪ ಎನ್ನುತ್ತಾರೆ.

ಹಂತ 4: ಥ್ಯಾಂಕ್ಸ್, ಸಾರಿ ಎಷ್ಟು ಹೇಳಬೇಕು

ಧನ್ಯವಾದಕ್ಕೆ ಶ್ಯೆ4 ಶ್ಯೆ. ಅಂಗಡಿಯವರಿಗೆ, ದಾರಿ ತೋರಿಸಿದವರಿಗೆ, ಸಹೋದ್ಯೋಗಿಗೆ ಧಾರಾಳವಾಗಿ ಹೇಳಿ. ಉತ್ತರವಾಗಿ "ಪು2 ಖ4 ಛಿ" ಅಥವಾ "ಮೇ2 ಷ4" ಬರುತ್ತದೆ. ಆದರೆ ಆಪ್ತ ಗೆಳೆಯರು, ಮನೆಯವರ ನಡುವೆ ಮಾತು ಮಾತಿಗೂ ಶ್ಯೆ4 ಶ್ಯೆ ಎಂದರೆ ದೂರ ಇಟ್ಟ ಹಾಗೆ. "ನನ್ನನ್ನೇನು ಹೊರಗಿನವನು ಅಂದುಕೊಂಡೆಯಾ?" ಎಂದು ನಮ್ಮವರು ಮುನಿಸಿಕೊಳ್ಳುವುದು ಇದಕ್ಕೇ ಅಲ್ವಾ?

ನನಗೆ ಇಷ್ಟವಾದ ಮಾತು "ಶಿನ್1 ಖು3 ಲ". ನಿಮಗೆ ತುಂಬಾ ಶ್ರಮ ಆಯ್ತು ಎಂದು ಗುರುತಿಸುವ ಮಾತು ಇದು. ಪಾರ್ಸೆಲ್ ತಂದುಕೊಟ್ಟ ಹುಡುಗನಿಗೆ, ದೂರ ಓಡಿಸಿಕೊಂಡು ಬಂದ ಡ್ರೈವರಿಗೆ, ರಾತ್ರಿ ಕೂತು ಕೆಲಸ ಮುಗಿಸಿದ ಸಹೋದ್ಯೋಗಿಗೆ ಹೇಳಿ. ಬರೀ ಶ್ಯೆ4 ಶ್ಯೆಗಿಂತ ಇದು ಮನಸ್ಸಿಗೆ ತಟ್ಟುತ್ತದೆ.

ಕ್ಷಮೆಗೆ ಎರಡು ಮೆಟ್ಟಿಲು. ತಡವಾಗಿ ಬಂದಿರಿ, ಯಾರದೋ ಕಾಲು ತುಳಿದಿರಿ, ಸಣ್ಣ ಉಪಕಾರ ಕೇಳಬೇಕು ಎಂದಾಗ "ಪು4 ಹಾವ್3 ಯಿ4 ಸ". ನಿಜವಾಗಿ ತಪ್ಪು ಮಾಡಿದ್ದರೆ "ತುಯ್4 ಪು ಛಿ3". ಪರವಾಗಿಲ್ಲ ಎನ್ನಲು "ಮೇ2 ಕ್ವಾನ್1 ಶಿ". ಜನಜಂಗುಳಿಯ ಮೆಟ್ರೊದಲ್ಲಿ ಇಳಿಯಬೇಕಾದರೆ "ರಾಂಗ್4 ಯಿ2 ಶ್ಯಾ4", ಸ್ವಲ್ಪ ಜಾಗ ಬಿಡಿ.

ಮಾತು ಅರ್ಥವಾಗದಿದ್ದರೆ ತಲೆಯಾಡಿಸಿ ಸುಮ್ಮನಾಗಬೇಡಿ. "ಥಿಂಗ್1 ಪು ತುಂಗ್3" (ಅರ್ಥ ಆಗಲಿಲ್ಲ), "ಛಿಂಗ್3 ಷುವೊ1 ಮಾನ್4 ಯಿ4 ತ್ಯಾರ್3" (ಸ್ವಲ್ಪ ನಿಧಾನ ಹೇಳಿ). ಪದ ಹೊಳೆಯದಾಗ ಅವರೇ "ನೇ4 ಕ... ನೇ4 ಕ..." ಎನ್ನುತ್ತಾರೆ, ನಾವು "ಅದೇ... ಅದು..." ಎನ್ನುವಂತೆ. ನೀವೂ ಧೈರ್ಯವಾಗಿ ಬಳಸಿ, ಯೋಚಿಸಲು ಒಂದು ಕ್ಷಣ ಸಿಗುತ್ತದೆ.

ಹಂತ 5: ಅಂಗಡಿ ಮತ್ತು ಲೆಕ್ಕ

ಬೆಲೆ ಕೇಳಲು "ತುವೊ1 ಷಾವ್ ಛ್ಯೆನ್2?" ಜಾಸ್ತಿಯಾಯ್ತು ಎನ್ನಲು "ಥಾಯ್4 ಕುಯ್4 ಲ". ಕಡಿಮೆ ಮಾಡಿ ಎನ್ನಲು "ಫ್ಯೆನ್2 ಯಿ ತ್ಯಾರ್3". ಚೌಕಾಸಿ ಸಂತೆಯಲ್ಲಿ, ಸಗಟು ಮಾರುಕಟ್ಟೆಯಲ್ಲಿ ನಡೆಯುತ್ತದೆ. ಮಾಲ್‌ಗಳಲ್ಲಿ, ಸೂಪರ್‌ಮಾರ್ಕೆಟ್‌ಗಳಲ್ಲಿ ಇಲ್ಲ. ದುಡ್ಡಿನ ಹೆಸರು ಯ್ವೆನ್2 ಎಂದು ಬರೆದಿದ್ದರೂ ಬಾಯಲ್ಲಿ ಖ್ವಾಯ್4.

ದೊಡ್ಡ ಲೆಕ್ಕದಲ್ಲಿ ಅವರ ಮೂಲ ಮಾನ ಹತ್ತು ಸಾವಿರ, ಅದು ವಾನ್4. ಲಕ್ಷ ಬೇಕಾದರೆ ಷ2 ವಾನ್4 (ಹತ್ತು ವಾನ್), ಕೋಟಿ ಬೇಕಾದರೆ ಛ್ಯೆನ್1 ವಾನ್4 (ಸಾವಿರ ವಾನ್). ಹತ್ತು ಕೋಟಿಗೆ ಯಿ4 ಎಂಬ ಬೇರೆ ಪದವೇ ಇದೆ. ಮಿಲಿಯನ್‌ಗೆ ಹೋಗಿ ಮತ್ತೆ ವಾನ್‌ಗೆ ಬರಬೇಡಿ. ಲಕ್ಷ, ಕೋಟಿಯಿಂದಲೇ ನೇರ ದಾಟಿ. ಒಂದರಿಂದ ಹತ್ತರವರೆಗೆ ಒಂದೇ ಕೈಯ ಸನ್ನೆಗಳಿವೆ, ಅವನ್ನೂ ನೋಡಿಟ್ಟುಕೊಳ್ಳಿ. ಹೆಬ್ಬೆರಳು ಮತ್ತು ತೋರುಬೆರಳು ಪಿಸ್ತೂಲಿನಂತೆ ಚಾಚಿದರೆ ಎರಡು ಅಲ್ಲ, ಎಂಟು.

ತರಕಾರಿ ಗಾಡಿಯಲ್ಲೂ ಕ್ಯೂಆರ್ ಕೋಡ್ ಇರುತ್ತದೆ. "ವೊ3 ಸಾವ್3 ನಿ3", ನಾನು ನಿಮ್ಮದನ್ನು ಸ್ಕ್ಯಾನ್ ಮಾಡುತ್ತೇನೆ, ಎಂದರೆ ಕೆಲಸ ಆಯಿತು. ವೀಚ್ಯಾಟ್, ಅಲಿಪೇ ಎರಡಕ್ಕೂ ಈಗ ವಿದೇಶಿ ಕಾರ್ಡ್ ಜೋಡಿಸಬಹುದು. ವೀಚ್ಯಾಟ್ ಮಾತ್ರ 2020ರ ಜೂನ್‌ನಲ್ಲಿ ಭಾರತ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿತ್ತು. ಹಾಗಾಗಿ ಅದರ ವ್ಯವಸ್ಥೆಯನ್ನು ಅಲ್ಲಿಗೆ ಹೋದ ಮೇಲೆ ಮಾಡಿಕೊಳ್ಳಬೇಕು.

ಹಂತ 6: ಊಟದ ಮೇಜು

ನಮ್ಮವರಲ್ಲಿ ಬಹಳ ಜನ ಸಸ್ಯಾಹಾರಿಗಳು. ಹಾಗಾಗಿ ಮೊದಲು ಆ ಮಾತು. "ವೊ3 ಛ1 ಸು4", ನಾನು ಸಸ್ಯಾಹಾರಿ. ಇಷ್ಟಕ್ಕೇ ನಿಲ್ಲಿಸಬೇಡಿ. "ರೋ4 ತಿನ್ನುವುದಿಲ್ಲ" ಎಂದರೂ ಸಾಲದು. ಬರೀ ರೋ4 ಎಂದರೆ ಅನೇಕರ ಮನಸ್ಸಿಗೆ ಬರುವುದು ಹಂದಿ ಮಾಂಸ. ಕೋಳಿ, ಮೀನು ಅವರ ಲೆಕ್ಕದಲ್ಲಿ ಬೇರೆಯಾಗಿಬಿಡಬಹುದು. ಒಂದೊಂದನ್ನೂ ಹೆಸರಿಸಿ: "ಚು1 ರೋ4 (ಹಂದಿ), ನ್ಯೂ2 ರೋ4 (ದನ), ಚಿ1 ರೋ4 (ಕೋಳಿ), ಯು2 (ಮೀನು), ಶ್ಯಾ1 (ಸೀಗಡಿ) ತೋ1 ಪು4 ಛ1." ಇವ್ಯಾವುದನ್ನೂ ತಿನ್ನುವುದಿಲ್ಲ. ಮೊಟ್ಟೆಯೂ ಬೇಡವಾದರೆ ಚಿ1 ತಾನ್4 ಸೇರಿಸಿ.

ಆಮೇಲೂ ಎರಡು ಗುಂಡಿಗಳಿವೆ. ಒಂದು, ಹಂದಿ ಕೊಬ್ಬಿನ ಎಣ್ಣೆ, ಚು1 ಯೋ2. ಅದನ್ನು ಹಾಕಬೇಡಿ ಎನ್ನಲು "ಪು2 ಯಾವ್4 ಫ಼ಾಂಗ್4 ಚು1 ಯೋ2". ಎರಡು, ಕೊಚ್ಚಿದ ಮಾಂಸ. ಹುರಿದ ಹುರುಳಿಕಾಯಿ, ಮಾಪೋ ತೋಫು ನೋಡಲು ಸಸ್ಯಾಹಾರ. ಆದರೆ ಮೇಲೆ ಚೂರು ಮಾಂಸ ಉದುರಿಸುವುದು ಅಲ್ಲಿನ ರೂಢಿ. ನೆಮ್ಮದಿಯಾಗಿ ತಿನ್ನಬೇಕಾದರೆ ಬೌದ್ಧ ದೇವಸ್ಥಾನಗಳ ಹತ್ತಿರದ ಸಸ್ಯಾಹಾರಿ ಹೋಟೆಲು ಹುಡುಕಿ. ಅಲ್ಲಿ ಕಟ್ಟುನಿಟ್ಟಿನ ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ. ಮಾಮೂಲಿ ಹೋಟೆಲಿನಲ್ಲಾದರೆ ಆಲೂಗಡ್ಡೆ, ಬದನೆ, ಹಸಿರು ದಪ್ಪ ಮೆಣಸಿನಕಾಯಿ ಹುರಿದ ತಿ4 ಸಾನ್1 ಶ್ಯೆನ್1, ಹುಳಿ ಖಾರದ ಆಲೂ ಎಳೆಗಳಾದ ಸ್ವಾನ್1 ಲಾ4 ಥು3 ತೋ4 ಸ1 ಕೇಳಿ. ಅನ್ನ ಮಿ3 ಫ಼ಾನ್4. ಔತಣಗಳಲ್ಲಿ ಅದು ಕೊನೆಗೆ ಬರುತ್ತದೆ, ಕೆಲವು ಸಲ ಬರುವುದೇ ಇಲ್ಲ. ಅನ್ನ ಇಲ್ಲದೆ ಪಲ್ಯ ಇಳಿಯದವರು ಮೊದಲೇ ಹೇಳಿಬಿಡಿ. ಕುಡಿಯಲು ಕೊಡುವುದು ಬಿಸಿ ನೀರು. ತಣ್ಣೀರು ಬೇಕಾದರೆ ಕೇಳಿ ಪಡೆಯಬೇಕು.

ಔತಣದಲ್ಲಿ ದುಂಡು ಮೇಜು. ಬಾಗಿಲಿಗೆ ಮುಖ ಮಾಡಿದ ಕುರ್ಚಿ ಮುಖ್ಯವಾದವರದ್ದು. ತೋರಿಸುವವರೆಗೆ ಕೂರಬೇಡಿ. ಹಿರಿಯರು ಕೈ ಹಾಕಿದ ಮೇಲೆ ನೀವು ಹಾಕಿ. ಚಾಪ್‌ಸ್ಟಿಕ್‌ಗಳನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬೇಡಿ. ತೀರಿಕೊಂಡವರ ಮುಂದೆ ಊದುಬತ್ತಿ ಹಚ್ಚಿದ ಹಾಗೆ ಕಾಣುತ್ತದೆ, ಎಂಥ ನಗುಮುಖದ ಮೇಜೂ ಗಂಭೀರವಾಗುತ್ತದೆ. ಬಟ್ಟಲಿಗೆ ಅವುಗಳಿಂದ ತಟ್ಟುವುದೂ ಬೇಡ, ಅದು ಭಿಕ್ಷೆ ಬೇಡುವವರ ರೀತಿ ಎನ್ನುತ್ತಾರೆ. ಬಡಿಸಿಕೊಳ್ಳಲು ಬೇರೆ ಜೋಡಿ ಇಟ್ಟಿದ್ದರೆ ಅದನ್ನೇ ಬಳಸಿ. ಎಂಜಲಿನ ಲೆಕ್ಕ ನಮಗೆ ಹೇಳಿಕೊಡಬೇಕಾಗಿಲ್ಲ.

ಚಹಾ ಸುರಿಯುವಾಗ ಬಟ್ಟಲು ತುಂಬಿಸಬೇಡಿ, ಮುಕ್ಕಾಲಿಗೂ ಕಡಿಮೆ ಸಾಕು. ತುಳುಕುವಂತೆ ಚಹಾ ಕೊಟ್ಟರೆ ಅತಿಥಿಯನ್ನು ಕೀಳಾಗಿ ಕಂಡಂತೆ. ಮದ್ಯ ಮಾತ್ರ ತುಂಬಿ ಕೊಡಬೇಕು. ಕೆಟಲಿನ ಮೂತಿ ಯಾರ ಕಡೆಗೂ ತಿರುಗಿರಬಾರದು. ಗುವಾಂಗ್‌ಡಾಂಗ್ ಕಡೆ ಯಾರಾದರೂ ನಿಮಗೆ ಚಹಾ ಸುರಿದರೆ ಎರಡು ಬೆರಳು ಮಡಚಿ ಮೇಜಿನ ಮೇಲೆ ಮೆಲ್ಲಗೆ ತಟ್ಟಿ, ಅದೇ ಧನ್ಯವಾದ. ಛ್ಯೆನ್‌ಲುಂಗ್ ಚಕ್ರವರ್ತಿ ವೇಷ ಮರೆಸಿಕೊಂಡು ತಿರುಗುವಾಗ ಸೇವಕನಿಗೆ ತಾನೇ ಚಹಾ ಸುರಿದನಂತೆ. ಗುಟ್ಟು ರಟ್ಟಾಗದಂತೆ ಸೇವಕ ಬೆರಳಿನಿಂದಲೇ ಮಂಡಿಯೂರಿ ನಮಸ್ಕರಿಸಿದನಂತೆ. ಕಥೆ ಇರಬಹುದು, ಪದ್ಧತಿ ಅಂತೂ ಇದೆ.

"ಕಾನ್1 ಪೇ1" ಎಂದರೆ ಲೋಟ ಖಾಲಿ ಮಾಡು ಅಂತಲೇ. ಪಾಯ್2 ಚ್ಯೂ3 ಎಂಬ ಅವರ ಬಿಳಿ ಮದ್ಯದಲ್ಲಿ ಆಲ್ಕೋಹಾಲ್ ಅನೇಕ ಸಲ 50%ಕ್ಕೂ ಜಾಸ್ತಿ, ಆದ್ದರಿಂದ ಹುಷಾರು. "ಸುಯ್2 ಯಿ4" ಎಂದರೆ ಅವರವರ ಇಷ್ಟದಷ್ಟು. ಕುಡಿಯದವರಿಗೆ "ಯಿ3 ಛಾ2 ತಾಯ್4 ಚ್ಯೂ3" ಎಂಬ ಸಿದ್ಧ ಮಾತೇ ಇದೆ, ಮದ್ಯದ ಬದಲು ಚಹಾ. ಮೊದಲ ಸುತ್ತಿನಲ್ಲೇ ಇದನ್ನು ಹೇಳಿ. ಎರಡು ಲೋಟ ಆದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ. ಲೋಟ ತಾಗಿಸುವಾಗ ನಿಮ್ಮದರ ಅಂಚು ಹಿರಿಯರ ಲೋಟದ ಅಂಚಿಗಿಂತ ಕೆಳಗಿರಲಿ.

ಕೊನೆಗೆ ಬಿಲ್ಲಿನ ಜಗಳ. "ವೊ3 ಲಾಯ್2!" (ನಾನು ಕೊಡ್ತೀನಿ!) ಎಂದು ಎಲ್ಲರೂ ಎಳೆದಾಡುತ್ತಾರೆ. ಅನುಭವಸ್ಥರು ಕೈ ತೊಳೆಯುವ ನೆಪದಲ್ಲಿ ಎದ್ದುಹೋಗಿ ಮೊದಲೇ ಕೊಟ್ಟು ಬಂದಿರುತ್ತಾರೆ. ಅತಿಥಿಯಾಗಿದ್ದರೆ ಒಂದೆರಡು ಸಲ ಹಟ ಮಾಡಿ, ಸೋತು, "ಶ್ಯಾ4 ತ್ಸ4 ವೊ3 ಛಿಂಗ್3" ಎನ್ನಿ, ಮುಂದಿನ ಸಲ ನಂದು. ಹೇಳಿದ ಮೇಲೆ ಮುಂದಿನ ಸಲ ನಿಜವಾಗಿಯೂ ಕೊಡಬೇಕು. ಅದು ಲೆಕ್ಕದಲ್ಲಿ ಇರುತ್ತದೆ.

ಹಂತ 7: ಆಗುವುದಿಲ್ಲ ಎನ್ನುವುದು, ಅದನ್ನು ಕೇಳಿಸಿಕೊಳ್ಳುವುದು

ಮ್ಯೆನ್4 ತ್ಸ ಎಂದರೆ ಮುಖ, ಅಂದರೆ ನಾಲ್ಕು ಜನರ ಎದುರಿನ ಮರ್ಯಾದೆ. ಅದನ್ನು ಕೊಡಬಹುದು, ಉಳಿಸಬಹುದು, ಕಳೆಯಬಹುದು. ಸಭೆಯಲ್ಲಿ ಒಬ್ಬರ ತಪ್ಪನ್ನು ಎತ್ತಿ ತೋರಿಸಿದಿರಿ ಎಂದರೆ ಅವರ ಮುಖ ಕಳೆದಿರಿ. ನೀವು ಹೇಳಿದ್ದು ಸರಿಯೇ ಇರಬಹುದು, ಆದರೂ ಕೆಲಸ ಕೆಟ್ಟಿತು. ಹೊರಗೆ ಕರೆದು ಒಬ್ಬರಿಗೇ ಹೇಳಿ.

ಇದೇ ಕಾರಣಕ್ಕೆ ನೇರವಾದ 'ಇಲ್ಲ' ಅಪರೂಪ. "ತ್ಸಾಯ್4 ಷುವೊ1 ಪಾ" (ಆಮೇಲೆ ಮಾತಾಡೋಣ), "ಖಾವ್3 ಲ್ಯು4 ಖಾವ್3 ಲ್ಯು4" (ಯೋಚನೆ ಮಾಡ್ತೀವಿ), "ಪು2 ಥಾಯ್4 ಫ಼ಾಂಗ್1 ಪ್ಯೆನ್4" (ಸ್ವಲ್ಪ ಅನುಕೂಲ ಇಲ್ಲ). ವ್ಯವಹಾರದಲ್ಲಿ ಈ ಮೂರರಲ್ಲಿ ಒಂದು ಬಂದರೆ ಹೆಚ್ಚಾಗಿ ಆಗಲ್ಲ ಅಂತಲೇ ತಿಳಿಯಿರಿ. "ನೋಡೋಣ, ಬರೋಕೆ ಟ್ರೈ ಮಾಡ್ತೀನಿ" ಎಂದವರು ಮದುವೆಗೆ ಬರುವುದಿಲ್ಲ ಎಂದು ನಮಗೆ ಗೊತ್ತಾಗುತ್ತದಲ್ಲ, ಅದೇ ಕಿವಿ ಇಲ್ಲೂ ಸಾಕು. ಕಂಪನಿಯ ಇಮೇಲ್‌ನಲ್ಲಿ ಇಂಗ್ಲಿಷಿನಲ್ಲಿ ಓದುವಾಗ ಮಾತ್ರ ಆ ಕಿವಿ ಮುಚ್ಚಿಹೋಗುತ್ತದೆ. "ಇನ್ನೊಂದು ದಿನ ಊಟ ಹಾಕಿಸ್ತೀನಿ" ಎನ್ನುವ "ಕಾಯ್3 ಥ್ಯೆನ್1 ಛಿಂಗ್3 ನಿ3 ಛ1 ಫ಼ಾನ್4" ಕೂಡ ದಿನಾಂಕ ಹೇಳುವವರೆಗೆ ಬರೀ ಸೌಜನ್ಯ.

ಹೊಗಳಿಕೆಗೆ ಹಳೆಯ ಉತ್ತರ "ನಾ2 ಲಿ3, ನಾ2 ಲಿ3", ಅಯ್ಯೋ ಅಷ್ಟೇನಿಲ್ಲ ಎಂದು. ಎರಡು ಪದ ಚೀನೀ ಮಾತಾಡಿದರೂ ನಿಮ್ಮನ್ನು ಹೊಗಳುತ್ತಾರೆ, ಆಗ ಬಳಸಿ. ಈಗಿನ ಹುಡುಗರು ಸುಮ್ನೆ ಶ್ಯೆ4 ಶ್ಯೆ ಎಂದು ಮುಗಿಸುತ್ತಾರೆ, ಅದೂ ಸರಿ.

ಹಂತ 8: ಉಡುಗೊರೆ, ಸಂಖ್ಯೆ

ಕೊಡುವಾಗ, ತೆಗೆದುಕೊಳ್ಳುವಾಗ ಎರಡೂ ಕೈ. ಬೇಡ ಬೇಡ ಎಂದು ಒಂದೆರಡು ಸಲ ಹೇಳುತ್ತಾರೆ, ಬಿಡದೆ ಕೊಡಿ. ಎದುರಿಗೇ ಬಿಚ್ಚಿ ನೋಡುವ ರೂಢಿ ಕಡಿಮೆ, ಹಾಗಾಗಿ ಪಕ್ಕಕ್ಕಿಟ್ಟರೆ ಬೇಸರ ಬೇಡ.

ಗೋಡೆ ಗಡಿಯಾರ ಬೇಡವೇ ಬೇಡ. ಗಡಿಯಾರ ಕೊಡುವುದು ಸುಂಗ್4 ಚುಂಗ್1, ಸಾಯುವವರನ್ನು ಕಳಿಸಿಕೊಡುವುದೂ ಸುಂಗ್4 ಚುಂಗ್1. ಸದ್ದು ಒಂದೇ. ಹಾಗೆಯೇ ಪೇರ್ ಹಣ್ಣಿನ ಲಿ2 ಅಗಲಿಕೆಯ ಸದ್ದು, ಛತ್ರಿಯ ಸಾನ್3 ಚದುರುವ ಸದ್ದು. ಗಂಡಸರಿಗೆ ಹಸಿರು ಟೋಪಿ ಕೊಟ್ಟರೆ ಹೆಂಡತಿ ಮೋಸ ಮಾಡುತ್ತಿದ್ದಾಳೆ ಎಂಬ ಗೇಲಿ. ಮೈಸೂರು ಸ್ಯಾಂಡಲ್ ಸೋಪು, ಚಿಕ್ಕಮಗಳೂರಿನ ಕಾಫಿ ಒಯ್ದರೆ ಇಂಥ ಯಾವ ತೊಡಕೂ ಇಲ್ಲ, ಜೋಡಿಯಾಗಿ ಕೊಡಿ.

ನಾಲ್ಕರ ಸ4 ಸಾವಿನ ಸ3ಗೆ ಹತ್ತಿರ. ಅದಕ್ಕೇ ಕೆಲವು ಕಟ್ಟಡಗಳ ಲಿಫ್ಟಿನಲ್ಲಿ 4, 14 ಇರುವುದಿಲ್ಲ. ಎಂಟರ ಪಾ1 ಸಿರಿಯ ಫ಼ಾ1ಗೆ ಹತ್ತಿರ. ಬೀಜಿಂಗ್ ಒಲಿಂಪಿಕ್ಸ್ 2008ರ ಆಗಸ್ಟ್ 8ರ ರಾತ್ರಿ 8 ಗಂಟೆಗೆ ಶುರುವಾದದ್ದು ಇದಕ್ಕೇ ಎನ್ನುತ್ತಾರೆ. 250 ಎಂದರೆ ಪೆದ್ದ ಎಂಬ ಬೈಗುಳ. ಮದುವೆಗೆ ಕೆಂಪು ಲಕೋಟೆಯಲ್ಲಿ ಸಮ ಸಂಖ್ಯೆಯ ದುಡ್ಡು, ಸಾವಿನ ಮನೆಗೆ ಬಿಳಿ ಲಕೋಟೆಯಲ್ಲಿ ಬೆಸ ಸಂಖ್ಯೆ. ನಾವು ಮದುವೆಗೆ 501 ಇಡುವವರು, ಅಲ್ಲಿ ಆ ಒಂದು ರೂಪಾಯಿಯನ್ನು ಬಿಟ್ಟುಬಿಡಿ.

ಹಂತ 9: ಹೊರಡುವುದು ಮತ್ತು ಆಮೇಲಿನ ಮೆಸೇಜು

ತ್ಸಾಯ್4 ಚ್ಯೆನ್4 ಎಂದು ಹೇಳಿ ಥಟ್ಟನೆ ಎದ್ದು ಹೋಗುವಂತಿಲ್ಲ. ಹೊರಡುತ್ತೇನೆ ಎಂದು ಎದ್ದ ಮೇಲೆ ಇನ್ನೂ ಕೂರಿ ಎನ್ನುತ್ತಾರೆ. ಬಾಗಿಲಲ್ಲಿ ಒಂದು ಸುತ್ತು ಮಾತು. ಆಮೇಲೆ ಲಿಫ್ಟಿನವರೆಗೆ, ಕೆಲವು ಸಲ ಗೇಟಿನವರೆಗೆ ಬರುತ್ತಾರೆ. ನೀವು "ಪ್ಯೆ2 ಸುಂಗ್4 ಲ" (ಕಳಿಸಲು ಬರಬೇಡಿ) ಎನ್ನಬೇಕು, ಅವರು ಕೇಳದೆ ಬರಬೇಕು. ಅವರು "ಮಾನ್4 ತ್ಸೋ3" ಎನ್ನುತ್ತಾರೆ. ಪದಕ್ಕೆ ಪದ ನೋಡಿದರೆ 'ನಿಧಾನ ನಡೆಯಿರಿ'. ನಿಜವಾಗಿ ನಮ್ಮ "ಹುಷಾರಾಗಿ ಹೋಗ್ಬನ್ನಿ".

ಮನೆ ಮುಟ್ಟಿದ ಮೇಲೆ "ತಾವ್4 ಚ್ಯಾ1 ಲ" (ಮನೆ ಸೇರಿದೆ) ಎಂದು ಒಂದು ಮೆಸೇಜ್ ಹಾಕಿ. ಅದರ ಜೊತೆ ತುಟಿ ಅಗಲಿಸಿದ ಸಾದಾ ನಗುಮುಖದ ಇಮೋಜಿ ಮಾತ್ರ ಬೇಡ. ಹಿರಿಯರು ಅದನ್ನು ನಗು ಎಂದೇ ಬಳಸುತ್ತಾರೆ, ಯುವಕರು ವ್ಯಂಗ್ಯ ಎಂದು ಓದುತ್ತಾರೆ. ಕಚೇರಿಯ ಹಿರಿಯರಿಗೆ ಉದ್ದುದ್ದ ವಾಯ್ಸ್ ಮೆಸೇಜ್ ಕಳಿಸುವುದೂ ಸೋಮಾರಿತನ ಎನಿಸಿಕೊಳ್ಳುತ್ತದೆ. ಎರಡು ಸಾಲು ಟೈಪ್ ಮಾಡಿ. ಅಕ್ಷರ ಬರದಿದ್ದರೆ ಪಿನ್‌ಯಿನ್ ಒತ್ತಿದರೆ ಸಾಕು, ಫೋನೇ ಅಕ್ಷರ ತೋರಿಸುತ್ತದೆ. ಸರಿಯಾದದ್ದನ್ನು ಆರಿಸಿಕೊಳ್ಳುವಾಗ ಓದುವುದೂ ನಿಧಾನಕ್ಕೆ ರೂಢಿಯಾಗುತ್ತದೆ.